ಬಾಣಂತನಕ್ಕೆ ಕೂಡಿಟ್ಟ ರಜೆ

(ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬಂದವರೊಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮಾರತಹಳ್ಳಿ ಕಡೆಯ ಕಂಪನಿಯೊಂದರ ಅಕೌಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ನಿದ್ದೆ ಬರುತ್ತಿಲ್ಲ, ಮಗನ ಮೇಲೆ ಸುಮ್ನೆ ರೇಗುತ್ತೇನೆ ಎನ್ನುತ್ತ ಬಂದರು. ಯಾವಾಗಿಂದ ಎಂದು ಕೇಳಿದೆ. "ನನ್ನ ರಜೆ ಹೋದಾಗಿಂದ ಮೇಡಂ" ಎಂದರು.

ಕಂಪನಿ ರಜೆಯ ನಿಯಮ ಬದಲಿಸಿತ್ತು. ಕ್ಯಾಶುಯಲ್, ಸಿಕ್, ಗಳಿಕೆ ರಜೆ ಎಲ್ಲ ಒಂದೇ ಲೆಕ್ಕ. ಜನವರಿಗೆ 10 ದಿನ ಮಾತ್ರ ಕ್ಯಾರಿ ಫಾರ್ವರ್ಡ್, ಅಂದರೆ ಹೊಸ ವರ್ಷಕ್ಕೆ ಒಯ್ಯಬಹುದು, ಉಳಿದದ್ದು ರದ್ದು. ಇವರ ಹತ್ತಿರ 38 ದಿನ ಗಳಿಕೆ ರಜೆ ಇತ್ತು. ಡಿಸೆಂಬರ್‌ನೊಳಗೆ ಮುಗಿಸಿಕೊಳ್ಳಿ ಎಂದಿತು ಎಚ್‌ಆರ್.

ತಂಗಿಯ ಹೆರಿಗೆ ಫೆಬ್ರವರಿಯಲ್ಲಿ. ತಾಯಿ ಇಲ್ಲ. ಬಾಣಂತನ ನಾನೇ ಮಾಡುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಿದ್ದರು. ಅದಕ್ಕಾಗಿ ಜ್ವರದಲ್ಲೂ ಆಫೀಸಿಗೆ ಹೋಗಿದ್ದರು, ಊರ ಜಾತ್ರೆ ಬಿಟ್ಟಿದ್ದರು. ನಾಲ್ಕು ದಿನ ರಜೆಗೆ ಯಾರಾದರೂ ಅಳುತ್ತಾರಾ ಎಂದರಂತೆ ಗಂಡ. ಖಂಡಿತ ಅಳುತ್ತಾರೆ. ಅಮ್ಮನ ಜಾಗದಲ್ಲಿ ನಿಲ್ಲಲು ಕೂಡಿಟ್ಟ ದಿನಗಳು ಅವು. ಮೊದಲ ಭೇಟಿಯಲ್ಲಿ ನಾವು ಅಮ್ಮನ ಬಗ್ಗೆಯೇ ಮಾತಾಡಿದೆವು.

ರಾಜೀನಾಮೆ ಬರೆದು ಫೋನಿನಲ್ಲಿ ಇಟ್ಟುಕೊಂಡಿದ್ದರು. ಸದ್ಯ ಕಳಿಸಬೇಡಿ ಎಂದೆ. ಮೊದಲು ಕಾಯ್ದೆ ತಿಳಿಯಿರಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರಲ್ಲಿ 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ, ಅದೇ ಗಳಿಕೆ ರಜೆ. ಕಾಯಿಲೆಗೆ ಅಥವಾ ಬೇರೆ ತಕ್ಕ ಕಾರಣಕ್ಕೆ ವರ್ಷಕ್ಕೆ 12 ದಿನ ಬೇರೆ. ಗಳಿಕೆ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯುವ ಮಿತಿ ಮೊದಲು 30 ದಿನವಿತ್ತು, ಈಗ 45. ಕಂಪನಿ ತಾನಾಗಿ ಕೊಡುವ ಜಾಸ್ತಿ ರಜೆಯನ್ನು ಕಡಿಮೆ ಮಾಡಬಹುದೇನೋ, ಕಾಯ್ದೆ ಕೊಟ್ಟದ್ದನ್ನು ಒಂದು ಮೇಲ್ ಕಳಿಸಿ ಕಿತ್ತುಕೊಳ್ಳುವಂತಿಲ್ಲ. ಮ್ಯಾನೇಜ್‌ಮೆಂಟ್ ಹುದ್ದೆಯವರಿಗೆ ಇದು ಅನ್ವಯಿಸುವುದಿಲ್ಲ, ಇವರದು ಅಂಥ ಹುದ್ದೆಯಲ್ಲ.

ಹಳೆಯ ಆಫರ್ ಲೆಟರ್, ಹಳೆಯ ನಿಯಮ, ರಜೆ ಬಾಕಿಯ ಸ್ಕ್ರೀನ್‌ಶಾಟ್ ತೆಗೆದಿಡಿ ಎಂದೆ. ಫೆಬ್ರವರಿಯ ರಜೆಗೆ ಈಗಲೇ ಬರವಣಿಗೆಯಲ್ಲಿ ಅರ್ಜಿ ಕೊಡಿ. ಒಬ್ಬರೇ ಕೇಳಬೇಡಿ, ಇದೇ ತೊಂದರೆಯ ಸಹೋದ್ಯೋಗಿಗಳ ಜೊತೆ ಸೇರಿ ಕೇಳಿ. ಉತ್ತರ ಬರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಹೋಗಿ ವಿಚಾರಿಸಿ.

ಇದನ್ನೆಲ್ಲ ಬೇಗ ಒಪ್ಪಿದರು. ಒಪ್ಪದಿದ್ದದ್ದು ಇನ್ನೊಂದು ಮಾತು. ಬಾಣಂತನವನ್ನು ಹಂಚಿಕೊಳ್ಳಿ ಎಂದೆ. "ನನ್ನ ಬಾಣಂತನ ಅಮ್ಮ ಒಬ್ಬಳೇ ಮಾಡಿದ್ದಳು" ಎಂದರು. ನಿಮ್ಮ ಮಗುವಿಗೆ ಎರೆದವರು ಯಾರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಮ್ಮ" ಎಂದರು. ಖಾರದ ಪುಡಿ ಮಾಡಿ ಕಳಿಸಿದವರು ಅತ್ತೆ. ಅಮ್ಮನೂ ಒಬ್ಬಳೇ ಮಾಡಿರಲಿಲ್ಲ. ಅದು ನೆನಪಾದ ಮೇಲೆ ತಂಗಿಗೆ ಫೋನ್ ಮಾಡಿ ವಿಷಯ ಹೇಳುವ ಧೈರ್ಯ ಬಂತು.

ಕೆಲವು ಸಹೋದ್ಯೋಗಿಗಳೂ ಸಹಿ ಹಾಕಿದ ಪತ್ರಕ್ಕೆ ಎಚ್‌ಆರ್ ಮಣಿಯಿತು. ಹಳೆಯ ಬಾಕಿಯನ್ನು ಮಾರ್ಚ್ ಕೊನೆಯವರೆಗೆ ಬಳಸಬಹುದು ಎಂದಿತು. ನಂತರದ್ದು ಇನ್ನೂ ತೀರ್ಮಾನವಾಗಿಲ್ಲ, ಪತ್ರ ವ್ಯವಹಾರ ನಿಲ್ಲಿಸಬೇಡಿ ಎಂದಿದ್ದೇನೆ. ಮೊದಲ ಮೂರು ವಾರ ಇವರು, ಆಮೇಲೆ ತುಮಕೂರಿನಿಂದ ಚಿಕ್ಕಮ್ಮ. ನಿದ್ದೆ ಸುಧಾರಿಸಿದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿದ್ದೇನೆ. ಜ್ವರ ಬಂದರೆ ರಜೆ ಹಾಕಿ ಮಲಗಬೇಕು ಎಂಬುದನ್ನೂ ಒಪ್ಪಿಸಿ ಕಳಿಸಿದ್ದೇನೆ.