ಹೆಣ್ಣುಕರು ಮಾತ್ರ ಹುಟ್ಟಿಸುವುದು ತಪ್ಪಾ?

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂದು ಆರಿಸುವುದು 1994ರ ಕಾನೂನಿನ ಪ್ರಕಾರ ಅಪರಾಧ. ಹಾಗಿದ್ದರೆ ಸಕಲೇಶಪುರದ ನಿಮ್ಮ ಕೊಟ್ಟಿಗೆಯ ಹಸುವಿಗೆ ಹೆಣ್ಣುಕರುವಿನ ಇಂಜೆಕ್ಷನ್, ಅಂದರೆ ಹೆಣ್ಣುಕರು ಹುಟ್ಟುವಂತೆ ಬೇರ್ಪಡಿಸಿದ ವೀರ್ಯದಿಂದ ಕೃತಕ ಗರ್ಭಧಾರಣೆ, ಕೊಡಿಸುವುದು ಸರಿಯಾ ಎಂದು ಕೇಳಿದ್ದೀರಿ.

ಕೊಡಿಸಿ, ತಪ್ಪಿಲ್ಲ. ಆ ಕಾನೂನು ಬಂದದ್ದು ಹೆಣ್ಣುಮಕ್ಕಳನ್ನು ಉಳಿಸೋಕೆ. ಇಲ್ಲಿ ಜೀನನ್ನು ಯಾರೂ ತಿದ್ದುವುದಿಲ್ಲ. ಹೆಣ್ಣುಕರು ಹುಟ್ಟಿಸುವ ವೀರ್ಯಾಣುವಿನಲ್ಲಿ ಡಿಎನ್ಎ ಸುಮಾರು ಶೇ 4ರಷ್ಟು ಜಾಸ್ತಿ ಇರುತ್ತದೆ. ಬಣ್ಣ ಹಾಕಿ, ಲೇಸರ್ ಬೆಳಕಿನಲ್ಲಿ ಆ ವ್ಯತ್ಯಾಸ ಹಿಡಿದು ಬೇರೆ ಮಾಡುತ್ತಾರೆ, ಅಷ್ಟೇ. ಹೆಣ್ಣು ಹುಟ್ಟುವ ಸಾಧ್ಯತೆ ಶೇ 90ರ ಆಸುಪಾಸು.

ಗಂಡುಕರುವಿನ ಗತಿ ನಿಮಗೇ ಗೊತ್ತು. ಉಳೋಕೆ ಟ್ರ್ಯಾಕ್ಟರ್ ಬಂತು, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಹೋರಿಕರು ಯಾರಿಗೂ ಬೇಡ. ಹೊಕ್ಕುಳು ಇನ್ನೂ ಒಣಗಿರುವುದಿಲ್ಲ, ಆಗಲೇ ಹಾಲು ತಪ್ಪಿಸಿ ರಸ್ತೆ ಬದಿಗೆ ಬಿಟ್ಟು ಬರುವವರಿದ್ದಾರೆ. ಅದಕ್ಕಿಂತ ಹುಟ್ಟದಿರುವುದೇ ವಾಸಿ, ಅಲ್ವಾ?

ನನಗೆ ಕಸಿವಿಸಿ ಇರುವುದು ಬೇರೆ ಕಡೆ. ಒಂದೇ ಹೋರಿಯ ವೀರ್ಯ ಸಾವಿರಾರು ಹಸುಗಳಿಗೆ ಹೋಗುತ್ತದೆ. ಅದರ ಮಗಳಿಗೂ ಅದೇ ಹೋರಿಯದ್ದು ಬಿದ್ದರೆ? ವೀರ್ಯ ತುಂಬಿದ ಸಣ್ಣ ಕೊಳವೆಯ, ಅಂದರೆ ಕಡ್ಡಿಯ ಮೇಲೆ ಹೋರಿಯ ನಂಬರ್ ಅಚ್ಚಾಗಿರುತ್ತದೆ, ಕೇಳಿ ಬರೆದಿಟ್ಟುಕೊಳ್ಳಿ. ಕೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ ಬಿಡಿ. ಮಲೆನಾಡು ಗಿಡ್ಡ ಇದ್ದರೆ ಅದಕ್ಕೆ ಎಚ್‌ಎಫ್ ಕೊಡಿಸಲೇಬೇಡಿ. ಆ ಪುಟ್ಟ ಹಸುವಿಗೆ ದೊಡ್ಡ ಕರು ಈಯೋದು ಕಷ್ಟ, ತಳಿಯೂ ಕೈಬಿಟ್ಟು ಹೋಗುತ್ತದೆ.

ಇನ್ನೊಂದು, ಈ ಕಡ್ಡಿಯಲ್ಲಿ ವೀರ್ಯಾಣು ಕಮ್ಮಿ. ಗಬ್ಬ ನಿಲ್ಲುವುದೂ ಮಾಮೂಲಿಗಿಂತ ಸ್ವಲ್ಪ ಕಮ್ಮಿಯೇ. ಮೈಕೈ ತುಂಬಿದ ಕಡಸಿಗೆ, ಬೆದೆ ಸರಿಯಾಗಿ ನೋಡಿಕೊಂಡು ಕೊಡಿಸಿ.