ಕೆಂಪು ಶಾಯಿಯ ಕೈ

(35 ವರ್ಷ ಭಾಷಾ ಶಿಕ್ಷಕಿಯಾಗಿದ್ದು, ಈಗ ಕಥೆ ಬರೆಯುತ್ತ ಚಿತ್ರ ಬಿಡಿಸುತ್ತಿರುವ ಲೇಖಕಿ ಓದುಗರಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಾನೂ ನಿವೃತ್ತ ಶಿಕ್ಷಕ. ಕಥೆ ಬರೆಯಲು ಕುಳಿತರೆ ಎರಡು ಸಾಲಿನಾಚೆ ಪೆನ್ನು ಹೋಗುವುದಿಲ್ಲ. ನೀವು ಬರವಣಿಗೆಯ ಜೊತೆಗೆ ಚಿತ್ರವನ್ನೂ ಹಚ್ಚಿಕೊಂಡಿದ್ದೀರಿ. ಯಾವುದಾದರೂ ಒಂದನ್ನೇ ಹಿಡಿಯಬಾರದೇ?

ಉತ್ತರ: ನಿಮ್ಮದು ಎರಡು ಸಾಲಾದರೂ ಆಯಿತು ಮೇಷ್ಟರೇ, ನಾನು ಒಂದೇ ಸಾಲನ್ನು ಹನ್ನೊಂದು ಸಲ ಬರೆದವಳು. ಇದು ನಮ್ಮ ವೃತ್ತಿಯ ರೋಗ. ಕೆಂಪು ಶಾಯಿ ಹಿಡಿದು ಪಳಗಿದ ಕೈ, ವಾಕ್ಯ ಮುಗಿಯುವ ಮೊದಲೇ ಅಂಚಿನಲ್ಲಿ ಗೆರೆ ಎಳೆದುಬಿಡುತ್ತದೆ. (ಮೊಮ್ಮಗಳು ಬರೆದುಕೊಟ್ಟ ಹುಟ್ಟುಹಬ್ಬದ ಶುಭಾಶಯದಲ್ಲೂ ಒತ್ತಕ್ಷರ ತಿದ್ದಿದೆ. ಎರಡು ದಿನ ಮಾತು ಬಿಟ್ಟಳು.)

ಆ ಕೈಯನ್ನು ದಾರಿಗೆ ತಂದದ್ದು ಜಲವರ್ಣ. ಅಲ್ಲಿ ಬಿಳಿ ಎಂದರೆ ಕಾಗದವೇ. ಮೋಡಕ್ಕೆ ಬಿಳುಪು ಬೇಕಿದ್ದರೆ ಅಷ್ಟು ಜಾಗವನ್ನು ಮೊದಲೇ ಮುಟ್ಟದೆ ಉಳಿಸಬೇಕು. ಹಸಿಯಲ್ಲಿ ಗಾಢವಾಗಿ ಕಂಡ ನೀಲಿ ಒಣಗಿದ ಮೇಲೆ ತಿಳಿಯಾಗುತ್ತದೆ. ಅರೆ ಒಣಗಿದ ಬಣ್ಣಕ್ಕೆ ಒದ್ದೆ ಕುಂಚ ತಾಗಿಸಿದಿರೋ, ಹೂಕೋಸಿನಂಥ ಕಲೆ ಏಳುತ್ತದೆ. ನನ್ನ ಮೊದಲ ಕೆರೆ ಹೀಗೆಯೇ ತಿದ್ದಿ ತಿದ್ದಿ ಕೆಸರಾಯಿತು. ಆಮೇಲೆ ಒಂದು ಪಾಠ ಕಲಿತೆ: ಬಣ್ಣ ಒಣಗುವವರೆಗೆ ಚಿತ್ರಕ್ಕೆ ಬೆನ್ನು ಮಾಡಿ ಕೂರುವುದು. ಆ ಇಪ್ಪತ್ತು ನಿಮಿಷ ಕಥೆ ಬರೆಯುತ್ತೇನೆ. ಬಣ್ಣ ಒಣಗಿತೆಂದರೆ ಪೆನ್ನು ಕೆಳಗೆ. ತಿದ್ದುವುದಕ್ಕೆ ಸಮಯವೆಲ್ಲಿ?

ಚಿತ್ತು ಹೊಡೆಯದೆ ಇರಲಾಗದಿದ್ದರೆ ರವೀಂದ್ರನಾಥ ಠಾಕೂರರ ದಾರಿಯಿದೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನೇ ಗೆರೆಗಳಿಂದ ಜೋಡಿಸಿ ಅವರು ಹಕ್ಕಿಯನ್ನೋ ವಿಚಿತ್ರ ಪ್ರಾಣಿಯನ್ನೋ ಮಾಡುತ್ತಿದ್ದರು. ಅವರೊಳಗಿನ ಚಿತ್ರಕಾರ ಮೊಳೆತದ್ದು ಆ ಚಿತ್ತುಗಳಲ್ಲೇ. ಮೊದಲ ಚಿತ್ರಪ್ರದರ್ಶನ 1930ರಲ್ಲಿ, ಪ್ಯಾರಿಸ್‌ನಲ್ಲಿ. ಆಗ ಅವರು 69ರ ಹೊಸ್ತಿಲಲ್ಲಿದ್ದರು. ಅವರೂ ಪಾಠ ಹೇಳಿದವರೇ ಎಂಬುದು ನನಗೊಂದು ಸಮಾಧಾನ.

ಪ್ರಶ್ನೆ: ಅಭ್ಯಾಸಕ್ಕೆ ಅಗ್ಗದ ಕಾಗದ ಸಾಲದೇ?

ಉತ್ತರ: ಸಾಲದು. ತೆಳು ಹಾಳೆ ನೀರು ಕುಡಿದು ಉಬ್ಬುತ್ತದೆ, ನೀವು ನಿಮ್ಮ ಕೈಯನ್ನು ಬೈದುಕೊಳ್ಳುತ್ತೀರಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ ದಪ್ಪನೆಯ) ಹತ್ತಿ ಕಾಗದ ತೆಗೆದುಕೊಳ್ಳಿ, ಹಿಂಬದಿಯನ್ನೂ ಬಳಸಿ. ಉಳಿತಾಯ ಬಣ್ಣದಲ್ಲಿ ಮಾಡಿ. ಆರಂಭಕ್ಕೆ ಒಂದು ಹಳದಿ, ಒಂದು ಕೆಂಪು, ಒಂದು ನೀಲಿ ಧಾರಾಳ.

ಪ್ರಶ್ನೆ: ಮನೆಯವರು ಏನು ತೋರಿಸಿದರೂ ‘ಚೆನ್ನಾಗಿದೆ’ ಎನ್ನುತ್ತಾರೆ. ನಿಜವಾದ ಅಂಕ ಕೊಡುವವರು ಯಾರು?

ಉತ್ತರ: ಯಾರೂ ಇಲ್ಲ. ಅದು ನನಗಿನ್ನೂ ರೂಢಿಯಾಗಿಲ್ಲ. ಮೊನ್ನೆ ಒಂದು ಚಿತ್ರದ ಹಿಂದೆ ನಾನೇ ಹತ್ತಕ್ಕೆ ಆರು ಎಂದು ಬರೆದೆ. ಸಂಜೆ ಮತ್ತೊಮ್ಮೆ ನೋಡಿ ಏಳು ಮಾಡಿದೆ.