ಐಐಎಸ್‌ಸಿ ಬಿ.ಎಸ್. ಸೇರಲೋ, ಮೈಸೂರಲ್ಲೇ ಬಿಎಸ್ಸಿ ಮಾಡಲೋ?

ನಿಮ್ಮ ಪ್ರಶ್ನೆ ಇಷ್ಟು: ಪಿಸಿಎಂಬಿಯಲ್ಲಿ ಪಿಯುಸಿ ಮುಗಿದಿದೆ, ಕೆಮಿಸ್ಟ್ರಿ ಇಷ್ಟ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಬಿ.ಎಸ್. (ರಿಸರ್ಚ್) ಸೀಟು ಸಿಗುವಂತಿದೆ. ಮನೆಯವರು ಮಾತ್ರ ಮೈಸೂರು ವಿಶ್ವವಿದ್ಯಾನಿಲಯದ ಯುವರಾಜ ಕಾಲೇಜಿನಲ್ಲಿ ಬಿಎಸ್ಸಿ ಮಾಡು ಅನ್ನುತ್ತಿದ್ದಾರೆ.

ನೇರವಾಗಿ ಹೇಳುತ್ತೇನೆ. ಸಂಶೋಧನೆ ನಿಮ್ಮ ಗುರಿಯಾಗಿದ್ದರೆ ಐಐಎಸ್‌ಸಿ ಬಿಡಬೇಡಿ. ಮೇಷ್ಟರಾಗುವುದು ಗುರಿಯಾಗಿದ್ದರೆ ಮೈಸೂರಿನ ದಾರಿ ಸಲೀಸು. ಎರಡೂ ಖಚಿತವಿಲ್ಲ ಅಂದರೆ ಕಾಲೇಜಿನ ಹೆಸರನ್ನು ಪಕ್ಕಕ್ಕಿಟ್ಟು, ಎರಡೂ ಕಡೆಯ ಮೊದಲ ವರ್ಷದ ಪಠ್ಯಕ್ರಮ ಇಳಿಸಿಕೊಂಡು ಓದಿ. ವ್ಯತ್ಯಾಸವೆಲ್ಲ ಅಲ್ಲೇ ಕಾಣುತ್ತದೆ.

ಐಐಎಸ್‌ಸಿಗೆ ಕೆಮಿಸ್ಟ್ರಿಗೆಂದೇ ಹೋದರೂ ಮೊದಲ ಸೆಮಿಸ್ಟರುಗಳಲ್ಲಿ ಗಣಿತ, ಫಿಸಿಕ್ಸ್, ಬಯಾಲಜಿ, ಪ್ರೋಗ್ರಾಮಿಂಗ್ ಎಲ್ಲವನ್ನೂ ಓದಬೇಕು. ಮೇಜರ್, ಅಂದರೆ ಮುಖ್ಯ ವಿಷಯದ ಆಯ್ಕೆ ಆಮೇಲೆ. ತುಂಬ ಜನ ಎಡವುವುದು ಕೆಮಿಸ್ಟ್ರಿಯಲ್ಲಲ್ಲ, ಗಣಿತದಲ್ಲಿ. ಪಿಯುಸಿಯಲ್ಲಿ ಸೂತ್ರ ಹಾಕಿ ಲಿಮಿಟ್ ಕಂಡುಹಿಡಿದರೆ ಅಂಕ ಬರುತ್ತಿತ್ತು. ಇಲ್ಲಿ ಆ ಲಿಮಿಟ್ ಇದೆ ಎಂದು ಎಪ್ಸಿಲಾನ್-ಡೆಲ್ಟಾ ಎಂಬ ಕರಾರುವಾಕ್ಕಾದ ವ್ಯಾಖ್ಯೆ ಹಿಡಿದು ಸಾಧಿಸಿ ತೋರಿಸಬೇಕು. ನೂರಕ್ಕೆ ನೂರು ತೆಗೆದವರಿಗೂ ಮೊದಲ ಮಿಡ್‌ಟರ್ಮ್‌ನಲ್ಲಿ ಗಾಬರಿಯಾಗುವುದು ಇದಕ್ಕೇ. ಸೇರುವ ಮುಂಚೆ ಸಿಗುವ ಬಿಡುವಿನಲ್ಲಿ ಗಣಿತದ ಸಾಧನೆ (ಪ್ರೂಫ್) ಬರೆಯುವುದನ್ನು ದಿನಕ್ಕೊಂದು ಗಂಟೆ ಅಭ್ಯಾಸ ಮಾಡಿದರೆ ಅರ್ಧ ಕಷ್ಟ ಕಡಿಮೆ. ಕನ್ನಡ ಮಾಧ್ಯಮದ ಬಗ್ಗೆ ನಿಮಗಿರುವ ಅಳುಕಿಗಿಂತ ಇದು ದೊಡ್ಡ ವಿಷಯ. ಇಂಗ್ಲಿಷ್ ಪಾಠ ಕಿವಿಗೆ ಹೊಂದಿಕೊಳ್ಳಲು ಒಂದು ಸೆಮಿಸ್ಟರ್ ಸಾಕು, ಗಣಿತದ ಬುನಾದಿಗೆ ಅಷ್ಟು ಸಾಲದು.

ಈ ಕಷ್ಟಕ್ಕೆ ಪ್ರತಿಯಾಗಿ ಸಿಗುವುದೇನು? ಕೊನೆಯ ವರ್ಷದಲ್ಲಿ ಒಂದು ಪ್ರಯೋಗಾಲಯಕ್ಕೆ ಸೇರಿ ಮಾಡುವ ಸಂಶೋಧನಾ ಪ್ರಾಜೆಕ್ಟ್. ಆರ್ಗಾನಿಕ್ ಕೆಮಿಸ್ಟ್ರಿಗೆ ಒಂದು ವಿಭಾಗ, ಇನಾರ್ಗಾನಿಕ್ ಮತ್ತು ಫಿಸಿಕಲ್ ಕೆಮಿಸ್ಟ್ರಿಗೆ ಇನ್ನೊಂದು, ಘನಸ್ಥಿತಿ ರಸಾಯನಕ್ಕೆ ಮತ್ತೊಂದು ಅದೇ ಆವರಣದಲ್ಲಿವೆ. ಬೇಸಿಗೆ ರಜೆಯಲ್ಲೂ ಬಾಗಿಲು ತಟ್ಟಿ ಕೇಳಬಹುದು. ನಾಲ್ಕು ವರ್ಷದ ಪದವಿಯಾದ್ದರಿಂದ ಅಮೆರಿಕದ ಪಿಎಚ್‌ಡಿಗೆ ನೇರ ಅರ್ಜಿ ಹಾಕಬಹುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ 75% ಅಥವಾ ಅದಕ್ಕೆ ಸಮನಾದ ಗ್ರೇಡ್ ಇದ್ದರೆ ಭಾರತದಲ್ಲೂ ಪಿಎಚ್‌ಡಿಗೆ ಅರ್ಹತೆ ಇದೆ.

ಮೈಸೂರಿನ ಕಡೆ ಚಿತ್ರವೇ ಬೇರೆ. ಕರ್ನಾಟಕ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಥವಾ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಅಂತ ಕಾಂಬಿನೇಷನ್ ತೆಗೆದುಕೊಂಡರೆ ಮೂರು ವಿಷಯ, ಜೊತೆಗೆ ಭಾಷೆಗಳು. ವಾರವಾರವೂ ಪ್ರಾಕ್ಟಿಕಲ್ ಇರುತ್ತದೆ, ಟೈಟ್ರೇಷನ್ನಿಗೂ ಸಾಲ್ಟ್ ಅನಾಲಿಸಿಸ್‌ಗೂ ಕೈ ಚೆನ್ನಾಗಿ ಪಳಗುತ್ತದೆ. ಇದನ್ನು ಹಗುರವಾಗಿ ನೋಡಬೇಡಿ. ಹೆಸರಾಂತ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಬಿಎಸ್ಸಿ ಮಾಡಿದ್ದು ಮೈಸೂರು ವಿಶ್ವವಿದ್ಯಾನಿಲಯದಿಂದಲೇ, 1951ರಲ್ಲಿ. ಮುಂದೆ ಐಐಎಸ್‌ಸಿಯ ನಿರ್ದೇಶಕರಾದರು.

ಕೊರತೆ ಎಲ್ಲಿ ಅಂದರೆ, ರಾಜ್ಯ ವಿಶ್ವವಿದ್ಯಾನಿಲಯಗಳ ಬಿಎಸ್ಸಿಯಲ್ಲಿ ಸಂಶೋಧನೆಯ ಭಾಗವನ್ನು ನೀವೇ ಕಟ್ಟಿಕೊಳ್ಳಬೇಕು. ಯಾರೂ ನೆನಪಿಸುವುದಿಲ್ಲ. ಮೊದಲ ವರ್ಷವೇ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್, ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಪದವಿ ವಿದ್ಯಾರ್ಥಿಗಳಿಗೆ ನಡೆಸುವ ಎನ್‌ಐಯುಎಸ್, ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದ (ಜೆಎನ್‌ಸಿಎಎಸ್‌ಆರ್) ಬೇಸಿಗೆ ಕಾರ್ಯಕ್ರಮಗಳ ಪ್ರಕಟಣೆಗಳನ್ನು ಗಮನಿಸಲು ಶುರುಮಾಡಿ. ಬೇಸಿಗೆಯದಾದರೂ ಅರ್ಜಿಗಳು ಹಿಂದಿನ ವರ್ಷದ ಕೊನೆಯಲ್ಲೇ ಮುಗಿದುಹೋಗುವುದುಂಟು. ಏಪ್ರಿಲ್‌ನಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ಪ್ರಾಧ್ಯಾಪಕರ ಶಿಫಾರಸು ಪತ್ರವೂ ಬೇಕಾಗುತ್ತದೆ, ಹಾಗಾಗಿ ಒಬ್ಬರಿಗಾದರೂ ನಿಮ್ಮ ಕೆಲಸ ಗೊತ್ತಿರಲಿ.

ಬಿಎಸ್ಸಿಯಿಂದ ಐಐಟಿಗಳಿಗೆ ಎಂಎಸ್ಸಿಗೂ, ಐಐಎಸ್‌ಸಿಗೆ ಇಂಟಿಗ್ರೇಟೆಡ್ ಪಿಎಚ್‌ಡಿಗೂ (ಸ್ನಾತಕೋತ್ತರ ಓದು, ಪಿಎಚ್‌ಡಿ ಎರಡೂ ಸೇರಿದ ಕೋರ್ಸ್) ಹೋಗುವ ಮುಖ್ಯ ಬಾಗಿಲು ಜಾಮ್ ಪರೀಕ್ಷೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಲೆಕ್ಕ ಮಾಡಿ ಸಂಖ್ಯೆ ಟೈಪ್ ಮಾಡಬೇಕು. ಸೆಮಿಸ್ಟರ್ ಪರೀಕ್ಷೆಗೆ ಡೆರಿವೇಷನ್ ಉರುಹೊಡೆದವರು ಸೋಲುವುದು ಈ ಭಾಗದಲ್ಲೇ. ಇನ್ನೊಂದು ತೊಡಕು ತಾರೀಖಿನದು. ಜಾಮ್ ನಡೆಯುವುದು ಫೆಬ್ರವರಿಯಲ್ಲಿ, ಆಗ ಆರನೇ ಸೆಮಿಸ್ಟರಿನ ಪಾಠ ಮುಗಿದಿರುವುದಿಲ್ಲ. ಆದ್ದರಿಂದ ಆ ಭಾಗವನ್ನು ಜನವರಿಯೊಳಗೆ ಸ್ವಂತವಾಗಿ ಓದಿಕೊಂಡಿರಬೇಕು. ನಾಲ್ಕನೇ ಸೆಮಿಸ್ಟರಿನ ರಜೆಯಿಂದಲೇ ಶುರುಮಾಡಿದರೆ ಸಮಯ ಸಾಲುತ್ತದೆ.

ಮೇಷ್ಟರ ಕೆಲಸದ ವಿಚಾರವನ್ನು ಯಾರೂ ಮೊದಲೇ ಹೇಳುವುದಿಲ್ಲ. ಕರ್ನಾಟಕದ ಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಪದವಿಯಲ್ಲಿ ಓದಿದ ಐಚ್ಛಿಕ ವಿಷಯಗಳನ್ನು ನೋಡುತ್ತಾರೆ. ಪಿಸಿಎಂ ಬಿಎಸ್ಸಿ ಮೇಲೆ ಬಿ.ಇಡಿ. ಇದ್ದರೆ ಗೊಂದಲವಿಲ್ಲ. ಒಂದೇ ಮೇಜರ್ ಇರುವ ಪದವಿಯಾದರೆ ಅಧಿಸೂಚನೆಯ ಸಾಲು ಸಾಲನ್ನೂ ಹೋಲಿಸಿ ನೋಡಬೇಕಾಗುತ್ತದೆ. ಪಿಯು ಉಪನ್ಯಾಸಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ 55% ಮತ್ತು ಬಿ.ಇಡಿ. ಬೇಕು.

ದುಡ್ಡಿನ ಲೆಕ್ಕದಲ್ಲಿ ಬರೀ ಟ್ಯೂಷನ್ ಫೀ ಹೋಲಿಸಬೇಡಿ. ಹಾಸ್ಟೆಲ್, ಮೆಸ್, ಓಡಾಟ ಸೇರಿಸಿ ಒಂದು ಕಡೆ ನಾಲ್ಕು ವರ್ಷ, ಇನ್ನೊಂದು ಕಡೆ ಮೂರು ವರ್ಷದ ಬಿಎಸ್ಸಿ ಜೊತೆ ಎರಡು ವರ್ಷದ ಎಂಎಸ್ಸಿ ಹಾಕಿ ನೋಡಿ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ 1% ಒಳಗಿದ್ದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 60,000 ನಿಮ್ಮ ಕೈಗೆ, 20,000 ಬೇಸಿಗೆ ಸಂಶೋಧನೆಗೆ. ಮೂಲವಿಜ್ಞಾನ ಓದುವವರಿಗೆಂದೇ ಇರುವ ಯೋಜನೆ ಅದು, ಆದ್ದರಿಂದ ಈ ಹಣ ನಿಮ್ಮ ಆಯ್ಕೆಯನ್ನು ಎತ್ತ ಕಡೆಗೂ ಎಳೆಯಬಾರದು.

ಐಐಎಸ್‌ಸಿ ಪಟ್ಟಿ ಅಂತಿಮವಾಗುವ ಮುಂಚೆಯೇ ಮೈಸೂರಿನಲ್ಲಿ ದಾಖಲಾಗಬೇಕಾಗಿ ಬಂದರೆ ದಾಖಲಾಗಿ, ತಪ್ಪಿಲ್ಲ. ಆದರೆ ಟಿಸಿ, ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರಗಳ ನಾಲ್ಕೈದು ದೃಢೀಕೃತ ಪ್ರತಿಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಮೂಲ ದಾಖಲೆಗಳನ್ನು ಕಾಲೇಜು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ ಹೇಳಿದೆ. ಕಟ್ಟಿದ ಶುಲ್ಕ ಎಷ್ಟು ವಾಪಸ್ ಬರುತ್ತದೆ ಎಂಬುದು ಸೀಟು ಬಿಡುವ ದಿನಾಂಕದ ಮೇಲೆ ನಿಂತಿದೆ. ಹಾಗಾಗಿ ಬಿಡುವುದು ಖಚಿತವಾದ ದಿನವೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.